ಐಷಾರಾಮಿ ಕ್ರೂಸ್‌ನಲ್ಲಿ ರಾತ್ರಿಯೂಟ: ಯಾವ ಸಂಜೆಗೆ ಯಾವ ರೆಸ್ಟೋರೆಂಟ್?

ಐಷಾರಾಮಿ ಕ್ರೂಸ್ ಹಡಗಿನ ರಾತ್ರಿಯೂಟಗಳ ಯೋಜನೆಯನ್ನು ಹೆಚ್ಚಿನವರು ರೆಸ್ಟೋರೆಂಟುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಶುರುಮಾಡುತ್ತಾರೆ. ಬುಕಿಂಗ್ ತೆರೆದ ಕೂಡಲೇ ಸಿಕ್ಕ ಸಂಜೆಗೆ ಸಿಕ್ಕ ಮೇಜನ್ನು ಹಿಡಿದು, ಎಲ್ಲ ರಾತ್ರಿಗಳೂ ಭರ್ತಿಯಾದವೆಂದು ನೆಮ್ಮದಿಪಡುತ್ತಾರೆ. ತೊಡಕು ಗೊತ್ತಾಗುವುದು ಹಡಗು ಹೊರಟ ಮೇಲೆ. ದಿನವಿಡೀ ಬಿಸಿಲಿನಲ್ಲಿ ನಡೆದು ದಣಿದ ಸಂಜೆಯೇ ಎರಡೂವರೆ ತಾಸಿನ ಟೇಸ್ಟಿಂಗ್ ಮೆನು (ಬಾಣಸಿಗರೇ ಆರಿಸಿದ ಹಲವು ಸಣ್ಣ ತಿನಿಸುಗಳನ್ನು ಒಂದೊಂದಾಗಿ ಬಡಿಸುವ ಊಟ) ಕಾದಿರುತ್ತದೆ. ಹಡಗು ಯಾವ ಬಂದರಿನಲ್ಲೂ ನಿಲ್ಲದ, ಪೂರ್ತಿ ಬಿಡುವಿರುವ ಸಮುದ್ರದ ದಿನದಂದು ಬೇಕಾದ ಕಡೆ ಜಾಗವೇ ಇರುವುದಿಲ್ಲ. ಆದ್ದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಹಡಗಿನ ವೇಳಾಪಟ್ಟಿಯನ್ನು. ಯಾವ ದಿನ ಯಾವ ಬಂದರು, ಎಷ್ಟು ಗಂಟೆಗೆ ತಲುಪಿ ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದು ಸ್ಪಷ್ಟವಾದರೆ ಯಾವ ಸಂಜೆ ಎಂಥ ಊಟ ಒಗ್ಗುತ್ತದೆ ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಹಡಗಿನ ಪದ್ಧತಿಯನ್ನು ಅರಿಯುವುದು

ಬಹಳಷ್ಟು ಹಡಗುಗಳಲ್ಲಿ ಒಂದು ಮುಖ್ಯ ರೆಸ್ಟೋರೆಂಟ್ ಇರುತ್ತದೆ. ಕ್ರೂಸ್ ಸಂಸ್ಥೆಯಾದ ರೀಜೆಂಟ್ ಸೆವೆನ್ ಸೀಸ್‌ನ ಕಂಪಾಸ್ ರೋಸ್‌ನಂಥ ಊಟದ ಸಭಾಂಗಣಗಳಲ್ಲಿ ನಿಗದಿತ ಮೇಜಾಗಲಿ ನಿಗದಿತ ವೇಳೆಯಾಗಲಿ ಇರುವುದಿಲ್ಲ. ತೆರೆದಿರುವ ಅವಧಿಯಲ್ಲಿ ಯಾವಾಗ ಹೋದರೂ ಕೂರಿಸುತ್ತಾರೆ. ಕ್ಯೂನಾರ್ಡ್ ಹಡಗುಗಳ ಕ್ರಮ ಬೇರೆ. ಅಲ್ಲಿ ನೀವು ಕೊಂಡ ಕೋಣೆಯ ದರ್ಜೆಯೇ ಬ್ರಿಟಾನಿಯಾ, ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್ ಎಂಬ ರೆಸ್ಟೋರೆಂಟುಗಳಲ್ಲಿ ಯಾವುದರಲ್ಲಿ ನಿಮ್ಮ ಜಾಗ ಎಂಬುದನ್ನು ನಿರ್ಧರಿಸುತ್ತದೆ. ಹೀಗಾಗಿ ಅಲ್ಲಿ ಊಟದ ಆಯ್ಕೆಯ ದೊಡ್ಡ ಭಾಗ ಟಿಕೆಟ್ ಕೊಳ್ಳುವಾಗಲೇ ಮುಗಿದಿರುತ್ತದೆ.

ಮುಂಗಡವಾಗಿ ಕಾಯ್ದಿರಿಸಬೇಕಾದವು ಸ್ಪೆಷಾಲಿಟಿ ರೆಸ್ಟೋರೆಂಟುಗಳು, ಅಂದರೆ ಒಂದು ಬಗೆಯ ಅಡುಗೆಗೇ ಮೀಸಲಾದ ಚಿಕ್ಕ ರೆಸ್ಟೋರೆಂಟುಗಳು. ಓಷಿಯಾನಿಯಾ ಎಂಬ ಕ್ರೂಸ್ ಸಂಸ್ಥೆಯ ಪೋಲೋ ಗ್ರಿಲ್, ಟೋಸ್ಕಾನಾ ಮತ್ತು ರೆಡ್ ಜಿಂಜರ್, ವೈಕಿಂಗ್‌ನ ಮನ್ಫ್ರೆಡೀಸ್ ಮತ್ತು ಶೆಫ್ಸ್ ಟೇಬಲ್, ರೀಜೆಂಟ್‌ನ ಪ್ರೈಮ್ ಸೆವೆನ್ ಮುಂತಾದವುಗಳಲ್ಲಿ ಊಟದ ಬೆಲೆ ಪ್ರಯಾಣದ ದರದಲ್ಲೇ ಸೇರಿರುತ್ತದೆ. ಬೇರೆ ಹಣ ಕೊಡಬೇಕಿಲ್ಲದ ಕಾರಣಕ್ಕೇ ಬೇಡಿಕೆ ಹೆಚ್ಚು, ಮೇಜುಗಳಿಗೆ ಪೈಪೋಟಿಯೂ ಹೆಚ್ಚು. ಇನ್ನು ಕೆಲವು ಕಡೆ ಪ್ರತ್ಯೇಕ ಶುಲ್ಕವಿದೆ: ಸಿಲ್ವರ್‌ಸೀಯ ಲಾ ಡಾಮ್, ಎಕ್ಸ್‌ಪ್ಲೋರಾ ಜರ್ನೀಸ್‌ನ ಆಂಥಾಲಜಿ ಈ ಬಗೆಯವು. ಎಲ್ಲವೂ ಸೇರಿದ ದರವೆಂದು ಟಿಕೆಟ್ ಕೊಂಡವರಿಗೆ ಇದು ಬೇಸರ ತರಿಸಬಹುದು, ಆದರೆ ಪದ್ಧತಿ ಹೊಸದಲ್ಲ. 1905ರಲ್ಲಿ ಹ್ಯಾಂಬರ್ಗ್ ಅಮೆರಿಕ ಲೈನ್‌ನ ‘ಅಮೆರಿಕಾ’ ಹಡಗಿನಲ್ಲಿಯೇ ರಿಟ್ಸ್ ಕಾರ್ಲ್‌ಟನ್ ಹೆಸರಿನ ಪ್ರತ್ಯೇಕ ರೆಸ್ಟೋರೆಂಟ್ ಇತ್ತು. 1912ರಲ್ಲಿ ಟೈಟಾನಿಕ್‌ನ ಮೊದಲ ದರ್ಜೆಯವರೂ ಆ ಬಗೆಯ ರೆಸ್ಟೋರೆಂಟಿನಲ್ಲಿ ಬೇರೆಯಾಗಿ ಹಣ ತೆತ್ತು ಉಣ್ಣುತ್ತಿದ್ದರು. ಶುಲ್ಕವಿರುವ ಕಡೆ ಮೇಜು ಸಿಗುವುದು ಸಾಮಾನ್ಯವಾಗಿ ಸುಲಭ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಬುಕಿಂಗ್ ತೆರೆದ ಮೊದಲ ಗಳಿಗೆಯನ್ನು ಅದಕ್ಕೆ ವ್ಯಯಿಸದೆ ಶುಲ್ಕವಿಲ್ಲದ, ಹೆಚ್ಚು ಜನ ಬಯಸುವ ಜಾಗಕ್ಕೆ ಬಳಸಬಹುದು.

ಬುಕಿಂಗ್ ಯಾವಾಗ ತೆರೆಯುತ್ತದೆ ಎಂಬುದು ಹಲವು ಸಂಸ್ಥೆಗಳಲ್ಲಿ ಕೋಣೆಯ ದರ್ಜೆಯನ್ನು ಅವಲಂಬಿಸಿರುತ್ತದೆ. ವೈಕಿಂಗ್ ಮತ್ತು ಓಷಿಯಾನಿಯಾದಲ್ಲಿ ದೊಡ್ಡ ಸೂಟ್‌ಗಳಲ್ಲಿ ಇರುವವರಿಗೆ ಮೊದಲು, ಕೆಳಗಿನ ದರ್ಜೆಯವರಿಗೆ ಕೆಲವು ವಾರಗಳ ನಂತರ ಅವಕಾಶ ದೊರೆಯುತ್ತದೆ. ಪ್ರಯಾಣದ ಪೂರ್ತಿ ಹಣ ಪಾವತಿಯಾಗದಿದ್ದರೆ ಬುಕಿಂಗ್ ಪುಟವೇ ತೆರೆಯದಿರುವುದೂ ಉಂಟು. ನಿಮ್ಮ ದಿನಾಂಕವನ್ನು ಸಂಸ್ಥೆಯಿಂದಲೋ ಟ್ರಾವೆಲ್ ಏಜೆಂಟರಿಂದಲೋ ಬರಹದಲ್ಲಿ ಪಡೆದುಕೊಳ್ಳಿ, ಜೊತೆಗೆ ಅದು ಯಾವ ಊರಿನ ಗಡಿಯಾರದ ಪ್ರಕಾರ ಎಂದೂ ಕೇಳಿ. ರೀಜೆಂಟ್ ಮತ್ತು ಓಷಿಯಾನಿಯಾದ ಕಚೇರಿ ಮಯಾಮಿಯಲ್ಲಿದೆ. ಮಯಾಮಿಯ ನಡುರಾತ್ರಿ ಭೂಮಿಯ ಇನ್ನೊಂದು ಬದಿಯಲ್ಲಿರುವವರಿಗೆ ಹಗಲಾಗಿರುತ್ತದೆ.

ಪ್ರಯಾಣದ ದಿನಗಳಿಗೆ ಊಟವನ್ನು ಹೊಂದಿಸುವುದು

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಬಾರ್ಸಿಲೋನಾದಿಂದ ಅಥೆನ್ಸ್ ಬಳಿಯ ಪೈರಿಯಸ್‌ವರೆಗೆ ಹತ್ತು ರಾತ್ರಿಗಳ ಪ್ರಯಾಣವಿದೆ ಎಂದುಕೊಳ್ಳಿ. ಬಾರ್ಸಿಲೋನಾ ಬಿಟ್ಟ ಮೇಲೆ ಮಾರ್ಸೇಲ್, ಮಾಂಟೆ ಕಾರ್ಲೊ, ಲಿವೋರ್ನೊ, ಚಿವಿತಾವೆಕ್ಕಿಯಾ, ನೇಪಲ್ಸ್; ಬಳಿಕ ಒಂದು ಪೂರ್ತಿ ದಿನ ಸಮುದ್ರದಲ್ಲಿ; ಅನಂತರ ಕಾರ್ಫು, ಕಟಾಕೊಲೊನ್, ಸ್ಯಾಂಟೊರಿನಿ; ಕೊನೆಗೆ ಪೈರಿಯಸ್.

ಲಿವೋರ್ನೊ ಮತ್ತು ಚಿವಿತಾವೆಕ್ಕಿಯಾ ಅಕ್ಕಪಕ್ಕದ ದಿನಗಳಲ್ಲಿ ಬರುವುದನ್ನು ಮೊದಲು ಗಮನಿಸಬೇಕು. ಲಿವೋರ್ನೊದಲ್ಲಿ ಇಳಿಯುವವರು ಹೋಗುವುದು ಸುಮಾರು 90 ಕಿಲೋಮೀಟರ್ ದೂರದ ಫ್ಲಾರೆನ್ಸ್‌ಗೆ. ಚಿವಿತಾವೆಕ್ಕಿಯಾದಲ್ಲಿ ಇಳಿಯುವವರು ಸುಮಾರು 80 ಕಿಲೋಮೀಟರ್ ದೂರದ ರೋಮ್‌ಗೆ. ಎರಡೂ ದಿನ ಬೆಳಗ್ಗೆ ಬೇಗ ಬಸ್ ಹತ್ತಿ, ಕಲ್ಲುಹಾಸಿನ ಬೀದಿಗಳಲ್ಲಿ ಅಲೆದು, ಸಂಜೆ ಹಡಗು ಹೊರಡುವ ಹೊತ್ತಿಗೆ ಕಾಲೆಳೆಯುತ್ತಾ ಮರಳುವುದೇ ಆಗುತ್ತದೆ. ಹೆದ್ದಾರಿಯಲ್ಲಿ ವಾಹನ ದಟ್ಟಣೆಯಾದರೆ ಆರೂವರೆಯ ಮೇಜು ಕೈತಪ್ಪುತ್ತದೆ. ಈ ಎರಡು ಸಂಜೆಗಳಿಗೆ ಏನನ್ನೂ ಕಾಯ್ದಿರಿಸದೆ, ಸ್ನಾನ ಮುಗಿಸಿ, ಹಸಿವು ಎಷ್ಟಿದೆ ನೋಡಿಕೊಂಡು ಮುಖ್ಯ ರೆಸ್ಟೋರೆಂಟಿಗೋ ತೆರೆದ ಅಟ್ಟದ (ಡೆಕ್‌ನ) ಊಟಕ್ಕೋ ಹೋಗುವುದು ಉತ್ತಮ. ಎದ್ದು ಹೋಗಲೂ ಆಗದಷ್ಟು ದಣಿದಿದ್ದರೆ ಕೋಣೆಗೇ ತರಿಸಿಕೊಳ್ಳಬಹುದು. ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್‌ಗಳಲ್ಲಿ ರಾತ್ರಿಯೂಟದ ಹೊತ್ತಿನಲ್ಲಿ ಮುಖ್ಯ ರೆಸ್ಟೋರೆಂಟಿನ ಮೆನುವನ್ನೇ ಒಂದಾದ ಮೇಲೊಂದರಂತೆ ಕೋಣೆಗೆ ತಂದು ಬಡಿಸುವ ವ್ಯವಸ್ಥೆಯಿದೆ. ಬಾಲ್ಕನಿಯ ಪುಟ್ಟ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸೂಪಿನ ಬಟ್ಟಲು ತೆಗೆದ ಮೇಲೆ ಮುಂದಿನ ತಟ್ಟೆ ತರುವ ಈ ಊಟವನ್ನು ರೆಸ್ಟೋರೆಂಟ್ ಸಿಗದವರ ಬದಲಿ ವ್ಯವಸ್ಥೆ ಎಂದು ಯಾರೂ ಎಣಿಸಬಾರದು. ಯೋಜನೆಯಲ್ಲಿ ಅದಕ್ಕೂ ಒಂದು ರಾತ್ರಿಯನ್ನು ಬೇಕೆಂದೇ ಇಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ನೇಪಲ್ಸ್ ನಂತರದ ಸಮುದ್ರದ ದಿನ ಇಡೀ ಪ್ರಯಾಣದ ಅತ್ಯಮೂಲ್ಯ ಸಂಜೆ. ಎಲ್ಲರೂ ವಿಶ್ರಾಂತಿ ಪಡೆದಿರುತ್ತಾರೆ, ಯಾರಿಗೂ ಅವಸರವಿರುವುದಿಲ್ಲ. ಹಾಗೆಯೇ ಎಲ್ಲರ ಕಣ್ಣೂ ಆ ಸಂಜೆಯ ಮೇಲೆಯೇ ಇರುತ್ತದೆ. ಟೇಸ್ಟಿಂಗ್ ಮೆನುವನ್ನೋ ನಿಮಗೆ ಅತ್ಯಂತ ಪ್ರಿಯವಾದ ರೆಸ್ಟೋರೆಂಟನ್ನೋ ಇಲ್ಲಿಗಿಡಿ, ಬುಕಿಂಗ್ ತೆರೆದಾಗ ಮೊಟ್ಟಮೊದಲು ಇದನ್ನೇ ಹಿಡಿಯಿರಿ. ಕ್ಯಾಪ್ಟನ್ ಆತಿಥ್ಯದ ಕೂಟ, ವಿಧ್ಯುಕ್ತ ಉಡುಪಿನ ಸಂಜೆ ಮುಂತಾದವನ್ನೂ ಹಡಗಿನವರು ಸಾಮಾನ್ಯವಾಗಿ ಇಂಥ ದಿನಕ್ಕೇ ಇಟ್ಟುಕೊಳ್ಳುವುದರಿಂದ ಊಟದ ವೇಳೆಯನ್ನು ಅವುಗಳೊಡನೆ ತಾಳೆ ನೋಡಬೇಕು.

ಸ್ಯಾಂಟೊರಿನಿಯ ಲೆಕ್ಕಾಚಾರ ಮತ್ತೊಂದು ಬಗೆಯದು. ಅಲ್ಲಿ ಹಡಗು ಜ್ವಾಲಾಮುಖಿಯ ಕುಂಡದೊಳಗೆ ದಡದಿಂದ ದೂರವೇ ನಿಲ್ಲುತ್ತದೆ. ಜನರನ್ನು ಹಡಗಿನಿಂದ ದಡಕ್ಕೆ ಒಯ್ಯುವ ಚಿಕ್ಕ ಟೆಂಡರ್ ದೋಣಿಯಲ್ಲಿ ದಡ ಸೇರಿ, ಕೇಬಲ್ ಕಾರಿನಲ್ಲಿ ಮೇಲೇರಬೇಕು. ಹಿಂದಿರುಗುವಾಗ ಕೇಬಲ್ ಕಾರಿನ ಸಾಲು ಬಹಳ ಉದ್ದವಾಗಿರುತ್ತದೆ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಆಸುಪಾಸಿನಲ್ಲಿ. ಹಡಗು ತಡವಾಗಿ ಹೊರಡುವುದಾದರೆ ಬಹಳ ಮಂದಿ ದಡದಲ್ಲೇ ಉಳಿಯುತ್ತಾರೆ, ಆಗ ಹಡಗಿನ ರೆಸ್ಟೋರೆಂಟುಗಳಲ್ಲಿ ಅಪರೂಪಕ್ಕೆ ಮೇಜುಗಳು ಖಾಲಿ ಇರುತ್ತವೆ. ಬೇರೆ ದಿನ ಜಾಗ ಸಿಗದ ಕಡೆಗೆ ಅಂಥ ರಾತ್ರಿ ಪ್ರಯತ್ನಿಸಬಹುದು. ಆದರೆ ಈ ಉದಾಹರಣೆಯಲ್ಲಿ ಅದೇ ಕೊನೆಯ ರಾತ್ರಿಯೂ ಹೌದು. ದೊಡ್ಡ ಪೆಟ್ಟಿಗೆಗಳನ್ನು ಮಲಗುವ ಮುನ್ನ ಕೋಣೆಯ ಹೊರಗಿಡಬೇಕಾಗಿರುವುದರಿಂದ ಒಳ್ಳೆಯ ಉಡುಪು ಅಷ್ಟರಲ್ಲಿ ಪೆಟ್ಟಿಗೆ ಸೇರಿರುತ್ತದೆ, ದೀರ್ಘ ಊಟಕ್ಕೆ ಮನಸ್ಸೂ ಇರುವುದಿಲ್ಲ. ಕೊನೆಯ ರಾತ್ರಿ ಸರಳ ಊಟಕ್ಕೇ ಇರಲಿ.

ಮೊದಲ ರಾತ್ರಿಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ದೂರದ ವಿಮಾನ ಪ್ರಯಾಣ ಮುಗಿಸಿ ಅದೇ ದಿನ ಹಡಗು ಹತ್ತುವವರು ಅಂದು ಏನನ್ನೂ ಕಾಯ್ದಿರಿಸದಿರುವುದೇ ಸರಿ. ಹಿಂದಿನ ದಿನವೇ ಬಂದರಿನ ಊರಿಗೆ ಬಂದು ನಿದ್ದೆ ಮಾಡಿದವರಿಗೆ ಮಾತ್ರ ಅದು ಒಳ್ಳೆಯ ಅವಕಾಶ, ಏಕೆಂದರೆ ಮಿಕ್ಕವರು ಆ ಸಂಜೆಯನ್ನು ಬಿಟ್ಟುಕೊಟ್ಟಿರುತ್ತಾರೆ.

ಮಾರ್ಗ ಬದಲಾದಂತೆ ಗಮನಿಸಬೇಕಾದ ಸಂಗತಿಗಳೂ ಬದಲಾಗುತ್ತವೆ. ಸೌತಾಂಪ್ಟನ್‌ನಿಂದ ಲಿಸ್ಬನ್ ಕಡೆಗೆ ಹೋಗುವ ಹಡಗು ಬಿಸ್ಕೆ ಕೊಲ್ಲಿಯನ್ನು ದಾಟಬೇಕು, ಅಲ್ಲಿ ಸಮುದ್ರ ಒರಟಾಗಿರುವುದುಂಟು. ಅಂಥ ರಾತ್ರಿಗೆ ಹಡಗಿನ ಹಿಂತುದಿಯಲ್ಲಿ ಎತ್ತರದ ಅಟ್ಟದಲ್ಲಿರುವ ರೆಸ್ಟೋರೆಂಟನ್ನು ಆರಿಸಿದರೆ ಓಲಾಟ ಹೆಚ್ಚು ಅನುಭವಕ್ಕೆ ಬರುತ್ತದೆ. ನಡುಭಾಗದ, ಕೆಳಗಿನ ಅಟ್ಟದ ಊಟದ ಸಭಾಂಗಣ ಹೆಚ್ಚು ಸ್ಥಿರ. ಅಟ್ಲಾಂಟಿಕನ್ನು ಪೂರ್ವಕ್ಕೆ ದಾಟುವಾಗ ಗಡಿಯಾರವನ್ನು ಹಲವು ದಿನ ಒಂದೊಂದು ತಾಸು ಮುಂದಕ್ಕಿಡುತ್ತಾರೆ. ಗಡಿಯಾರದಲ್ಲಿ ಏಳು ಗಂಟೆಯಾದಾಗ ಹೊಟ್ಟೆಗಿನ್ನೂ ಆರೇ ಆಗಿರುತ್ತದೆ, ಆದ್ದರಿಂದ ಊಟವನ್ನು ತಡವಾಗಿಯೇ ಇಟ್ಟುಕೊಳ್ಳಬೇಕು. ನಾರ್ವೆಯ ಫ್ಯೋರ್ಡ್‌ಗಳಲ್ಲಿ ಬೇಸಿಗೆಯ ಸಂಜೆ ಬಹಳ ಹೊತ್ತು ಬೆಳಕಿರುತ್ತದೆ. ಹಡಗು ಕಿರಿದಾದ ಕಣಿವೆಯ ನಡುವೆ ಸಾಗುವ ತಾಸಿನಲ್ಲಿ ಕಿಟಕಿಯಿಲ್ಲದ ರೆಸ್ಟೋರೆಂಟಿನಲ್ಲಿ ಕೂತಿದ್ದರೆ ಅಷ್ಟು ದೂರ ಹೋದದ್ದರ ಫಲವೇನು?

ಕಾಯ್ದಿರಿಸುವಾಗ

ಮುಖ್ಯ ಒತ್ತಡವಿರುವುದು ಏಳರಿಂದ ಎಂಟರ ನಡುವೆ. ಅಡುಗೆಮನೆಯ ಮೇಲೆ ಒಮ್ಮೆಲೇ ಹೊರೆ ಬೀಳದಂತೆ ಪ್ರತಿ ಕಾಲು ತಾಸಿಗೋ ಅರ್ಧ ತಾಸಿಗೋ ಇಂತಿಷ್ಟೇ ಮಂದಿಯನ್ನು ಕೂರಿಸುವುದರಿಂದ, ಒಳಗೆ ಮೇಜುಗಳು ಖಾಲಿ ಕಾಣುತ್ತಿದ್ದರೂ ಆ ವೇಳೆಗೆ ಜಾಗವಿಲ್ಲ ಎನ್ನಬಹುದು. ಆರೂವರೆಗೋ ಎಂಟೂವರೆಯ ನಂತರವೋ ಹೋಗಲು ಸಿದ್ಧರಿರುವವರಿಗೆ ಅವಕಾಶ ಹೆಚ್ಚು. ಊಟದ ನಂತರ ನಾಟಕಶಾಲೆಯ ಕಾರ್ಯಕ್ರಮ ನೋಡಬೇಕೆಂದಿದ್ದರೆ ಟೇಸ್ಟಿಂಗ್ ಮೆನುವನ್ನು ಆ ರಾತ್ರಿಗೆ ಇಡಬೇಡಿ.

ಬೇರೆ ಬೇರೆ ಕೋಣೆಗಳಲ್ಲಿರುವ ಕುಟುಂಬದವರೋ ಗೆಳೆಯರೋ ಒಟ್ಟಿಗೆ ಉಣ್ಣಬೇಕಿದ್ದರೆ, ಬುಕಿಂಗ್ ತೆರೆಯುವ ಮುನ್ನವೇ ಎಲ್ಲರ ರಿಸರ್ವೇಶನ್ ಸಂಖ್ಯೆಗಳನ್ನು ಪರಸ್ಪರ ಜೋಡಿಸಿಕೊಡುವಂತೆ ಸಂಸ್ಥೆಯನ್ನು ಕೇಳಬೇಕು. ಹಾಗೆ ಮಾಡದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ವೇಳೆ ಸಿಕ್ಕು ಪೇಚಾಟವಾಗುತ್ತದೆ. ಸ್ಪೆಷಾಲಿಟಿ ರೆಸ್ಟೋರೆಂಟುಗಳಲ್ಲಿ ಇಬ್ಬರ ಮೇಜುಗಳೇ ಹೆಚ್ಚು. ಆರು, ಎಂಟು ಮಂದಿಯ ಮೇಜುಗಳು ಕೆಲವೇ ಇರುವುದರಿಂದ ದೊಡ್ಡ ಗುಂಪಿನವರು ದಿನಾಂಕದಲ್ಲಿ ಹಟ ಹಿಡಿಯಬಾರದು. ಒಬ್ಬರೇ ಪ್ರಯಾಣಿಸುವವರು ಇತರರೊಡನೆ ಹಂಚಿಕೊಳ್ಳುವ ಮೇಜನ್ನು ಕೇಳಿ ಪಡೆಯಬಹುದು. ಇಬ್ಬರಿಗೆ ಜಾಗವಿಲ್ಲದ ಸಂಜೆಗಳಲ್ಲಿಯೂ ಹಂಚಿಕೊಳ್ಳುವ ಮೇಜಿನಲ್ಲಿ ಒಂದು ಕುರ್ಚಿ ದೊರೆಯುವ ಸಾಧ್ಯತೆ ಇರುತ್ತದೆ.

ಆಹಾರದ ನಿಯಮಗಳಿರುವವರು ಅವನ್ನು ಮುಂಚಿತವಾಗಿ ತಿಳಿಸುವ ಕೆಲಸವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೂ ಹೆಚ್ಚಲ್ಲ. ಅಲರ್ಜಿ, ಗ್ಲೂಟನ್ ವರ್ಜನೆ, ಸಸ್ಯಾಹಾರ, ಕೋಶರ್ (ಯಹೂದಿ ಆಹಾರ ನಿಯಮ), ಹಲಾಲ್ ಯಾವುದೇ ಇರಲಿ, ಹಲವು ವಾರ ಮುಂಚೆಯೇ ಸಂಸ್ಥೆಗೆ ಬರೆದು ತಿಳಿಸಬೇಕು, ಏಕೆಂದರೆ ನಡುಸಮುದ್ರದಲ್ಲಿ ಇಲ್ಲದ ಸಾಮಗ್ರಿಯನ್ನು ತರಿಸಿಕೊಳ್ಳಲು ಅಡುಗೆಮನೆಗೆ ದಾರಿಯಿಲ್ಲ. ಹಡಗು ಹತ್ತಿದ ದಿನವೇ ಮುಖ್ಯ ರೆಸ್ಟೋರೆಂಟಿನ ಮ್ಯಾನೇಜರರನ್ನು ಕಂಡು ಮತ್ತೊಮ್ಮೆ ಹೇಳಿ. ಬಹಳಷ್ಟು ಹಡಗುಗಳಲ್ಲಿ ಮರುದಿನದ ಮೆನುವನ್ನು ಹಿಂದಿನ ಸಂಜೆಯೇ ನಿಮಗೆ ತೋರಿಸಿ, ಯಾವುದನ್ನು ಹೇಗೆ ಬದಲಿಸಬೇಕೆಂದು ಬರೆದುಕೊಳ್ಳುತ್ತಾರೆ. ಟೇಸ್ಟಿಂಗ್ ಮೆನು ಇರುವ ಕಡೆ ಬದಲಾವಣೆಗೆ ಆಸ್ಪದ ಕಡಿಮೆ. ಮೇಜು ಹಿಡಿಯುವ ಮೊದಲೇ ಆ ಮೆನುವನ್ನು ತರಿಸಿ ಓದಬೇಕು. ಸಸ್ಯಾಹಾರಿಗಳು ಮಾಂಸವೇ ಪ್ರಧಾನವಾದ ಸ್ಟೇಕ್ ರೆಸ್ಟೋರೆಂಟಿಗೆ ಒಂದು ಸಂಜೆಯನ್ನು ಕೊಡುವುದಕ್ಕಿಂತ ಇಟಾಲಿಯನ್ ಅಥವಾ ಏಷ್ಯನ್ ಅಡುಗೆಯ ಕಡೆಗೆ ಎರಡು ಸಲ ಹೋದರೆ ತೃಪ್ತಿ ಹೆಚ್ಚು.

ಉಡುಪಿನ ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಓಷಿಯಾನಿಯಾದಲ್ಲಿ ವಿಧ್ಯುಕ್ತ ರಾತ್ರಿಗಳೇ ಇಲ್ಲ; ಕ್ಯೂನಾರ್ಡ್‌ನ ಗಾಲಾ ಸಂಜೆಗಳಲ್ಲಿ ಅದಕ್ಕೆ ತಕ್ಕ ಉಡುಪು ತೊಡದವರು ಮುಖ್ಯ ಸಭಾಂಗಣವನ್ನು ಬಿಟ್ಟು ಬಫೆಯಂಥ ಕಡೆ ಉಣ್ಣಬೇಕು.

ಹಡಗು ಹತ್ತಿದ ಮೇಲೆ

ಬೇಕಾದ ಮೇಜು ಸಿಗದೆ ಹೋದವರು ಹತ್ತಿದ ದಿನ ಮಧ್ಯಾಹ್ನವೇ, ಪೆಟ್ಟಿಗೆ ಬಿಚ್ಚುವ ಮೊದಲು, ಊಟದ ಬುಕಿಂಗ್ ನೋಡಿಕೊಳ್ಳುವವರನ್ನು ಕಾಣಬೇಕು. ಎಲ್ಲ ಮೇಜುಗಳನ್ನೂ ಆನ್‌ಲೈನಿನಲ್ಲಿ ಬಿಟ್ಟಿರುವುದಿಲ್ಲ. ಹಡಗಿನಲ್ಲಿ ಕೊಡಲೆಂದು ಕೆಲವನ್ನು ಉಳಿಸಿಕೊಂಡಿರುತ್ತಾರೆ. ‘ಯಾವಾಗಲಾದರೂ ಕೊಡಿ’ ಎಂದು ಕೇಳುವುದಕ್ಕಿಂತ ಒಪ್ಪಿಗೆಯಾಗುವ ಎರಡು ಮೂರು ಸಂಜೆಗಳನ್ನು ವೇಳೆಯ ಸಮೇತ ಹೇಳಿದರೆ ಅವರಿಗೂ ಹುಡುಕಲು ಸುಲಭ. ಬಟ್ಲರ್ (ಕೋಣೆಯವರ ಬೇಕುಬೇಡಗಳನ್ನು ನೋಡಿಕೊಳ್ಳುವ ಸೇವಕ) ಸೇವೆಯಿರುವ ಸೂಟ್‌ನವರು ಇದನ್ನು ಬಟ್ಲರ್‌ಗೇ ಒಪ್ಪಿಸಬಹುದು. ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಬರೆಸಿ, ದೀರ್ಘ ಪ್ರವಾಸಗಳಿರುವ ದಿನ ಸಂಜೆ ಐದರ ಹೊತ್ತಿಗೆ ಮತ್ತೆ ವಿಚಾರಿಸಿ. ರೋಮ್‌ನಿಂದ ದಣಿದು ಬಂದವರು ತಮ್ಮ ಮೇಜನ್ನು ಬಿಟ್ಟುಕೊಡುವುದು ಆ ಹೊತ್ತಿನಲ್ಲೇ.

ನೀವು ಹೋಗದಿರಲು ತೀರ್ಮಾನಿಸಿದಾಗಲೂ ಅದನ್ನು ಕೂಡಲೇ ತಿಳಿಸಬೇಕು. ಶುಲ್ಕವಿರುವ ಕಡೆ ತಡವಾದರೆ ಹಣ ಕಡಿತವಾಗಬಹುದು. ಶುಲ್ಕವಿಲ್ಲದ ಕಡೆಯೂ ಆ ಮೇಜಿಗಾಗಿ ಕಾದಿರುವ ಇಬ್ಬರು ಅದೇ ಹಡಗಿನಲ್ಲಿ ಇದ್ದೇ ಇರುತ್ತಾರೆ. ಹತ್ತು ರಾತ್ರಿಗಳ ಪ್ರಯಾಣದಲ್ಲಿ ಮೂರೋ ನಾಲ್ಕೋ ಸಂಜೆಗಳನ್ನಷ್ಟೇ ಮುಂಗಡವಾಗಿ ಹಿಡಿದು ಮಿಕ್ಕದ್ದನ್ನು ತೆರೆದಿಡಿ. ಮುಖ್ಯ ರೆಸ್ಟೋರೆಂಟಿನ ಮೆನು ಪ್ರತಿದಿನ ಬದಲಾಗುತ್ತದೆ. ಒಂದೇ ಬಡಿಸುವವರ ಮೇಜಿಗೆ ಎರಡು ಮೂರು ರಾತ್ರಿ ಕೇಳಿಕೊಂಡು ಹೋದರೆ ನಿಮ್ಮ ರುಚಿ ಅವರಿಗೆ ಗೊತ್ತಾಗಿ, ನಾಲ್ಕನೆಯ ರಾತ್ರಿ ಮೆನುವಿನಲ್ಲಿಲ್ಲದ್ದನ್ನೂ ಅಡುಗೆಮನೆಯಿಂದ ಕೇಳಿ ತಂದುಕೊಡಬಹುದು.