ಸಂಪಾಜೆ ಘಾಟಿ ಮತ್ತು ಎರಡು ಕೋನ್ ಫಿಲ್ಟರ್

ನನ್ನದು ನಿಸಾನ್ 370ಝಡ್, ಸೆಕೆಂಡ್ ಹ್ಯಾಂಡ್. 3.7 ಲೀಟರಿನ ಆರು ಸಿಲಿಂಡರ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಮೂರು ಮೂರು ಸಿಲಿಂಡರಿನ ಎರಡು ಸಾಲು. ಒಂದೊಂದು ಸಾಲಿಗೂ ಬೇರೆ ಏರ್ ಫಿಲ್ಟರ್, ಬೇರೆ ಗಾಳಿ ಅಳೆಯುವ ಸೆನ್ಸರ್, ಬೇರೆ ಥ್ರಾಟಲ್ (ಗಾಳಿ ಒಳಗೆ ಬಿಡುವ ಬಾಗಿಲು). ಇನ್‌ಟೇಕ್ (ಎಂಜಿನ್ನಿಗೆ ಗಾಳಿ ತರುವ ಭಾಗಗಳು) ಬದಲಾಯಿಸಲು ಹೊರಟರೆ ಎಲ್ಲವನ್ನೂ ಜೋಡಿಯಾಗಿಯೇ ಕೊಳ್ಳಬೇಕು.

ಕೊಂಡೆ. ಕಂಪನಿಯ ಎರಡೂ ಏರ್ ಫಿಲ್ಟರ್ ಡಬ್ಬಿಗಳನ್ನು ಬಿಚ್ಚಿ, ಬಾನೆಟ್ಟಿನೊಳಗೆ ತೆರೆದುಕೊಂಡೇ ಇರುವ, ಶಂಕುವಿನಾಕಾರದ ಎರಡು ಕೋನ್ ಫಿಲ್ಟರ್ ಹಾಕಿಸಿದೆ. ಅದೇ ಸಂಜೆ ಮಡಿಕೇರಿಯಿಂದ ಮದೆನಾಡು, ಜೋಡುಪಾಲ ದಾಟಿ ಸಂಪಾಜೆಗೆ ಇಳಿದು, ಸುಳ್ಯದವರೆಗೂ ಹೋದೆ. ಗಾಡಿ ಕಾಲಿಟ್ಟಲ್ಲೇ ಎದ್ದು ಓಡಿತು. ಪಕ್ಕದಲ್ಲಿದ್ದ ಅಕ್ಕನ ಮಗ, "ಮಾವ, ಇದು ಬೇರೆ ಗಾಡಿನೇ ಆಗಿದೆ" ಅಂದ. ನಾನೂ ಹಾಗೆಯೇ ನಂಬಿದೆ.

ಆ ನಂಬಿಕೆಯಲ್ಲಿದ್ದ ಮೊದಲ ತಪ್ಪು ಗೊತ್ತಾಗಿದ್ದು ವಾರದ ನಂತರ. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ 12 ಶೇಕಡಾ ಕಮ್ಮಿ. ತಣ್ಣಗಿನ ಗಾಳಿ ದಟ್ಟವಾಗಿರುವುದರಿಂದ ನಮ್ಮ ಚಳಿ ಅದರಲ್ಲಿ ಒಂದಿಷ್ಟನ್ನು ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಟರ್ಬೊ ಇಲ್ಲದ ಎಂಜಿನ್ ಘಾಟಿ ಇಳಿದರೆ ಸಾಕು, ತಾನಾಗಿಯೇ ಚುರುಕಾಗುತ್ತದೆ. ನಾನು ಮೇಲೆ ಹಾಕಿಸಿ ಕೆಳಗೆ ಪರೀಕ್ಷೆ ಮಾಡಿದ್ದೆ!

ಎರಡನೆಯದು ಸದ್ದು. ಕಂಪನಿ ಡಬ್ಬಿ ಗಾಳಿ ಎಳೆಯುವ ಶಬ್ದವನ್ನು ನುಂಗುತ್ತದೆ, ಕೋನ್ ನುಂಗುವುದಿಲ್ಲ. ಪೆಡಲ್ ಒಂದಿಷ್ಟು ಒತ್ತಿದರೂ ಗುಂಯ್ ಎಂದು ಕಿವಿಗೆ ಬರುತ್ತದೆ. ಕಿವಿ ಮೊದಲು ಕೇಳಿದ್ದನ್ನು ಬೆನ್ನು ಒಪ್ಪಿಕೊಂಡುಬಿಡುತ್ತದೆ. ಇದನ್ನು ಬೇರ್ಪಡಿಸಲೇಬೇಕೆಂದು ಹಟ ಹಿಡಿದೆ. ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕತ್ತರಿಸುವುದು) ಮಾಡುವಾಗ ಯಂತ್ರದ ಗರಗಸ ಹಿಡಿದವರು ಹಾಕಿಕೊಳ್ಳುವ ಕಿವಿಮುಚ್ಚುಳ ಮನೆಯಲ್ಲೇ ಇತ್ತು. ಅದನ್ನು ಹಾಕಿಕೊಂಡು ನಮ್ಮ ತೋಟದ ಸ್ವಂತ ಕಾಂಕ್ರೀಟ್ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಒತ್ತಿ ನೋಡಿದೆ. ಒಂದು ದಿನ ಕೋನ್, ಇನ್ನೊಂದು ದಿನ ಡಬ್ಬಿ. ಯಾವುದಿದೆ ಎಂದು ನನಗೆ ಹೇಳಬಾರದೆಂದು ಅವನ್ನು ಬದಲಾಯಿಸುತ್ತಿದ್ದ ಹುಡುಗನಿಗೆ ತಾಕೀತು ಮಾಡಿದ್ದೆ. ನಾನು ಸರಿಯಾಗಿ ಹೇಳಿದಷ್ಟೇ ಸಲ ತಪ್ಪಾಗಿಯೂ ಹೇಳಿದೆ.

ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಬ್ಲೂಟೂತ್ ಸ್ಕ್ಯಾನರ್ ಸೆಕೆಂಡಿಗೆ ಕೆಲವೇ ಸಲ ಓದುತ್ತದೆ, ಪೆಡಲ್ ಒತ್ತಿದ್ದಕ್ಕೆ ಎಂಜಿನ್ ಎಷ್ಟು ಬೇಗ ಓಗೊಡುತ್ತದೆ ಎಂಬುದು ಅದಕ್ಕೆ ಸಿಗುವುದಿಲ್ಲ. ಅದಕ್ಕೆ ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚಿತ್ರದಂತೆ, ಪೆಡಲ್ ಮತ್ತು ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಮುಳ್ಳು ಎರಡೂ ಕಾಣುವಂತೆ ಹಿಡಿಸಿದೆ. ಪೆಡಲ್ ಕೆಳಗೆ ಹೋದ ಮೇಲೆ ಮುಳ್ಳು ಅಲುಗಲು ಹಿಡಿದ ಚಿತ್ರಗಳನ್ನು ಎಣಿಸಿದೆವು. ಕೋನ್ ಮತ್ತು ಡಬ್ಬಿಯ ನಡುವೆ ಇದ್ದಷ್ಟೇ ಅಂತರ, ಡಬ್ಬಿಯ ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ಇತ್ತು. ಅದರಲ್ಲಿ ಅಚ್ಚರಿಯೇನಿಲ್ಲ. ಈ ಗಾಡಿಯಲ್ಲಿ ಪೆಡಲಿಗೂ ಥ್ರಾಟಲಿಗೂ ನಡುವೆ ಕೇಬಲ್ಲೇ ಇಲ್ಲ. ಬಾಗಿಲು ಯಾವಾಗ, ಎಷ್ಟು ತೆರೆಯಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ಅರ್ಧ ಪೆಡಲಿನಲ್ಲಿ ಗಾಳಿಯನ್ನು ತಡೆದಿಡುವುದು ಆ ಕಂಪ್ಯೂಟರಿನ ಅಪ್ಪಣೆಯೇ ಹೊರತು ಫಿಲ್ಟರ್ ಅಲ್ಲ.

ಸ್ಕ್ಯಾನರ್ ಬೇರೆ ಎರಡು ವಿಷಯ ತೋರಿಸಿತು, ಅವೆರಡೂ ನನಗೆ ಬಹಳ ಮುಖ್ಯವಾದವು. ಜೋಡುಪಾಲದ ಏರಿನಲ್ಲಿ ಮರದ ಲಾರಿಯ ಹಿಂದೆ ತೆವಳುವಾಗ ಕೋನ್ ಒಳಗೆಳೆಯುವ ಗಾಳಿ 50 ಡಿಗ್ರಿ ದಾಟಿತು; ಡಬ್ಬಿ ಇದ್ದಾಗ ಅದೇ ಜಾಗದಲ್ಲಿ ಸುಮಾರು 30. ಈ 20 ಡಿಗ್ರಿಗೆ ಗಾಳಿಯ ಸಾಂದ್ರತೆ ಆರು ಶೇಕಡಾದಷ್ಟು ಇಳಿಯುತ್ತದೆ. ಲಾರಿ ದಾರಿ ಬಿಟ್ಟು ಕೊಟ್ಟ ಗಳಿಗೆಯಲ್ಲೇ, ನನಗೆ ಎಂಜಿನ್ ಬೇಕಾದಾಗಲೇ, ಅದು ಮಂಕಾಗಿರುತ್ತಿತ್ತು.

ಇನ್ನೊಂದು, ಇಂಧನದ ತಿದ್ದುಪಡಿ. ಹೊಸ ಪೈಪು ಸೆನ್ಸರ್ ಕೂರುವಲ್ಲಿ ಹಳೆಯದಕ್ಕಿಂತ ತುಸು ಅಗಲ. ಅಗಲವಾದ ಪೈಪಿನಲ್ಲಿ ಗಾಳಿ ನಿಧಾನ ಹರಿಯುತ್ತದೆ, ಸೆನ್ಸರ್ ಇದ್ದದ್ದಕ್ಕಿಂತ ಕಡಿಮೆ ಗಾಳಿ ಎಂದು ಓದುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಕಂಪ್ಯೂಟರ್ ಅದನ್ನು ಸರಿಪಡಿಸಿಕೊಳ್ಳುತ್ತದೆ. ಥಟ್ಟನೆ ಒತ್ತಿದಾಗ ಅಷ್ಟು ಪುರುಸೊತ್ತಿಲ್ಲ. ತಿರುವಿನಿಂದ ಹೊರಬರುವಾಗ ಬರುತ್ತಿದ್ದ ಸಣ್ಣ ಮುಗ್ಗರಿಕೆಯ ಕಾರಣ ನನ್ನ ಲೆಕ್ಕದಲ್ಲಿ ಇದೇ. ಡಬ್ಬಿ ಹಾಕಿದಾಗ ಅದು ಹೋಯಿತು.

ಬಂಪರಿನ ಹಿಂದೆ ತಂಪು ಜಾಗದಲ್ಲಿ ಫಿಲ್ಟರ್ ಕೂರುವ ಉದ್ದ ಪೈಪಿನ ಕಿಟ್ಟೂ ಸಿಗುತ್ತದೆ. ಜುಲೈ ತಿಂಗಳ ಕೊಡಗಿನಲ್ಲಿ ಅಷ್ಟು ಕೆಳಗೆ ಫಿಲ್ಟರ್ ಇಡುವ ಧೈರ್ಯ ನನಗಿಲ್ಲ. ನೀರು ಸಿಲಿಂಡರ್ ಸೇರಿದರೆ ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಿಹೋಗಬಹುದು.

ಕಂಪನಿ ಡಬ್ಬಿಗಳನ್ನೇ ವಾಪಸ್ ಹಾಕಿ, ಹೊಸ ಪೇಪರ್ ಫಿಲ್ಟರ್ ಕೂರಿಸಿದೆ. ಥ್ರಾಟಲ್ ಬಾಗಿಲುಗಳ ಅಂಚಿನಲ್ಲಿ ಕಟ್ಟಿದ್ದ ಕಪ್ಪು ಮಸಿ ಒರೆಸಿ, ಕುಶಾಲನಗರದ ಮೆಕ್ಯಾನಿಕ್ ಹತ್ತಿರ ಐಡಲ್ (ಪೆಡಲ್ ಒತ್ತದಾಗಿನ ಎಂಜಿನ್ ವೇಗ) ಕಂಪ್ಯೂಟರಿಗೆ ಮತ್ತೆ ಕಲಿಸಿದೆ. ಅದನ್ನು ಕಲಿಸದೆ ಬಿಟ್ಟರೆ ಸಿಗ್ನಲ್ಲಿನಲ್ಲಿ ಆರ್‌ಪಿಎಂ ಏರಿಳಿಯುತ್ತದೆ. "ಅಣ್ಣ, ಇದನ್ನ ಮೊದಲೇ ಮಾಡಿಸಬಹುದಿತ್ತಲ್ಲ" ಅಂದ ಅವನು. ಪೆಡಲಿನ ಮೊದಲ ಅರ್ಧ ಇಂಚಿನಲ್ಲಿ ಇದ್ದ ಜಡ್ಡು ಹೋದದ್ದು ಅವತ್ತೇ. ಕಿವಿಮುಚ್ಚುಳ ಹಾಕಿಕೊಂಡೂ ನೋಡಿದೆ, ಕಾಲಿಗೆ ಗೊತ್ತಾಯಿತು.

ಆ ಸದ್ದು ಮಾತ್ರ ಈಗಲೂ ನೆನಪಾಗುತ್ತದೆ. ಕೋನ್‌ಗಳನ್ನು ತೊಳೆದು ಒಣಗಿಸಿ ಅಟ್ಟದಲ್ಲಿ ಇಟ್ಟಿದ್ದೇನೆ, ಮಾರಿಲ್ಲ.