ಕಕ್ಕೆ ಗಿಡದ ಹಳದಿ ಚಿಟ್ಟೆಗಳು

ಹೂಗಿಡವಿದ್ದರೆ ಚಿಟ್ಟೆ ಬಂದು ಹೋಗುತ್ತದೆ. ಮರಿ ತಿನ್ನುವ ಎಲೆಯಿದ್ದರೆ ಮಾತ್ರ ಮೊಟ್ಟೆ ಇಡುತ್ತದೆ. ಕಲಬುರಗಿಯ ನಮ್ಮ ಹಿತ್ತಿಲಲ್ಲಿ, ಶಹಾಬಾದ್ ಕಲ್ಲಿನ ಗೋಡೆಯ ಪಕ್ಕ ನಾನು ಕಕ್ಕೆ ಗಿಡ ಹಚ್ಚಿದ್ದು ಇದೇ ಕಾರಣಕ್ಕೆ. ಎರೆಮಣ್ಣಿನಲ್ಲಿ ನೀರು ನಿಲ್ಲದಂತೆ ಗುಂಡಿಗೆ ಮರಳು ಬೆರೆಸಿದೆ. ಗಿಡ ಚಿಗುರಿದ ಮೇಲೆ ಕಾಮನ್ ಎಮಿಗ್ರಂಟ್ ಚಿಟ್ಟೆಗಳು ತಾವಾಗಿಯೇ ಬಂದವು.

ಹೆಣ್ಣು ಚಿಟ್ಟೆ ಎಲೆಯ ರುಚಿಯನ್ನು ಕಾಲಿನಿಂದಲೇ ತಿಳಿಯುತ್ತದೆ. ಒಪ್ಪಿಗೆಯಾದರೆ ಎಳೆ ಎಲೆಯ ಮೇಲೆ ಒಂದೊಂದೇ ಬಿಳಿ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ. ಹೊರಗೆ ಇರುವೆ, ಕಣಜ, ಜೇಡಗಳ ಕಾಟ. ಆದ್ದರಿಂದ ಕೆಲವು ಮರಿಗಳನ್ನು ಟೊಂಗೆಯ ಸಮೇತ ಒಳಗೆ ತರುತ್ತೇನೆ. ಟೊಂಗೆಯನ್ನು ನೀರಿನ ಬಾಟಲಿಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಬೇಕು, ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ಸುತ್ತಲೂ ಸೊಳ್ಳೆಪರದೆ, ಕೆಳಗೆ ಪತ್ರಿಕೆಯ ಹಾಳೆ. ಹಿಕ್ಕೆ ಬೂಷ್ಟು ಹಿಡಿಯದಂತೆ ಹಾಳೆಯನ್ನು ದಿನವೂ ಬದಲಿಸುತ್ತೇನೆ. ಪೊರೆ ಕಳಚುವ ಮೊದಲು ಹುಳು ತಿನ್ನದೆ, ಅಲುಗದೆ ಕೂರುತ್ತದೆ. ಆಗ ಅದನ್ನು ಎಲೆಯಿಂದ ಕೀಳಲೇಬಾರದು.

ಎರಡು ವಾರದ ಆಸುಪಾಸಿನಲ್ಲಿ ಹುಳು ರೇಷ್ಮೆಯ ಎಳೆಯನ್ನು ನಡುವಿಗೆ ಸುತ್ತಿಕೊಂಡು ಕೋಶವಾಗುತ್ತದೆ. ಹೊರಬರುವ ಹಿಂದಿನ ದಿನ ರೆಕ್ಕೆಯ ಬಣ್ಣ ಕೋಶದ ಮೂಲಕ ಕಾಣುತ್ತದೆ. ಅಂದು ಪರದೆಯೊಳಗೆ ಜಾಗ ಬಿಡಿಸಬೇಕು. ಚಿಟ್ಟೆ ನೇತಾಡಲಾಗದಿದ್ದರೆ ರೆಕ್ಕೆ ಮುದುಡಿಯೇ ಒಣಗುತ್ತದೆ. ನನಗೆ ಅತ್ಯಂತ ಪ್ರಿಯವಾದ ಸಂಗತಿ ಆಮೇಲಿನದು: ಒಂದೇ ಗಿಡದ ಹುಳುಗಳಿಂದ ಕೆಂಪು ಮೀಸೆಯವೂ ಕಪ್ಪು ಮೀಸೆಯವೂ ಬರುತ್ತವೆ. ಹಿಂದೆ ಇವನ್ನು ಎರಡು ಬೇರೆ ಪ್ರಭೇದಗಳೆಂದೇ ಎಣಿಸಿದ್ದರು!

ತೊಗರಿ ಬೆಳೆಯುವ ಪಕ್ಕದ ಮನೆಯ ಕಾಕಾ ಇದನ್ನು ಕಂಡು, "ಇವು ನನ್ನ ಹೊಲಕ್ಕೆ ಬಂದರೆ ಏನು ಮಾಡಲಿ?" ಎಂದರು. ಅವರ ಆತಂಕ ಸಹಜ. ಕಾಯಿಕೊರಕದಿಂದ ಅವರು ಪಟ್ಟ ಪಾಡು ಸಣ್ಣದಲ್ಲ. "ಕಾಕಾ, ಕಾಯಿಕೊರಕ ಪತಂಗದ ಮರಿ. ಇದಕ್ಕೆ ಕಕ್ಕೆ, ತಂಗಡಿಯಂಥ ಗಿಡದ ಎಲೆಯೇ ಬೇಕು, ತೊಗರಿ ಕಾಯಿಯಲ್ಲ" ಎಂದು ಹುಳುವನ್ನು ತೋರಿಸಿದೆ. ಎಲೆ ಬೋಳಾದ ಕಕ್ಕೆಯೂ ಮತ್ತೆ ಚಿಗುರುತ್ತದೆ, ಔಷಧಿ ಸಿಂಪಡಿಸುವ ಅಗತ್ಯವೇ ಇಲ್ಲ.

ಗಿಡ ಬೇಕೆನ್ನುವವರಿಗೆ ನಾನು ಬೀಜ ಕೊಡುತ್ತೇನೆ. ಸಿಪ್ಪೆ ಬಲು ಗಟ್ಟಿ. ಒರಟು ಕಲ್ಲಿಗೆ ತುಸು ಉಜ್ಜಿ, ರಾತ್ರಿಯಿಡೀ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ.