ಪಿಕಪ್‌ಗೆ ಟ್ರೇಲರ್ ಹಿಚ್: ಬಿರುಕು ಬಿಡದಂತೆ ವಿನ್ಯಾಸ ಮಾಡುವುದು ಹೇಗೆ?

ನನ್ನ ಮೇಜಿನ ಮೇಲೆ ಮುರಿದ ಹಿಚ್ ಪ್ಲೇಟೊಂದಿದೆ. ಹಿಚ್ ಎಂದರೆ ಪಿಕಪ್‌ನ ಹಿಂದೆ ಟ್ರೇಲರ್ ಕಟ್ಟುವ ಉಕ್ಕಿನ ಕೊಂಡಿ. ಕಿರುಬೆರಳು ದಪ್ಪದ ಉಕ್ಕು. ಮುರಿದ ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಬಣ್ಣ ಕಾಣುತ್ತದೆ. ಮುಕ್ಕಾಲು ಭಾಗ ನುಣುಪು, ಕಂದು, ಮೇಲೆ ಕಪ್ಪೆಚಿಪ್ಪಿನಲ್ಲಿರುವಂಥ ಬಾಗಿದ ಗೆರೆಗಳು. ಉಳಿದ ಕಾಲು ಭಾಗ ಒರಟು, ಸಕ್ಕರೆ ಹರಳಿನ ಹಾಗೆ ಹೊಳಪು. ನುಣುಪು ಭಾಗ ತಿಂಗಳುಗಟ್ಟಲೆ ಚೂರುಚೂರೇ ಸೀಳುತ್ತಾ ಬಂದಿದ್ದು. ಹೊಳೆಯುವ ಭಾಗ ಒಂದೇ ಏಟಿಗೆ ಹರಿದಿದ್ದು. ಸೀಳು ಶುರುವಾಗಿದ್ದು ವೆಲ್ಡಿಂಗ್ ಮುಗಿಯುವ ಅಂಚಿನಲ್ಲಿ.

ಹಿಚ್ ಎಂದ ಕೂಡಲೇ ಎಲ್ಲರೂ ಕೇಳುವುದು ‘ಎಷ್ಟು ಟನ್ ಎಳೆಯುತ್ತೆ?’ ಅಂತ. ಒಂದು ಸಲ ಎಳೆಯುವಷ್ಟು ಗಟ್ಟಿ ಮಾಡುವುದು ಸುಲಭ. ಲಕ್ಷಾಂತರ ಸಲ ಕುಲುಕಿದರೂ ಬಿರುಕು ಬಿಡದ ಹಾಗೆ ಮಾಡುವುದೇ ನಿಜವಾದ ಕೆಲಸ. ಇಲ್ಲಿ ಹೇಳುವ ಪ್ರತಿ ಹಂತವೂ ಈ ಕುಲುಕಾಟವನ್ನು ತಡೆದುಕೊಳ್ಳುವುದಕ್ಕೇ ಇರುವುದು.

ಮೊದಲು ತೂಕ ಬರೆದುಕೊಳ್ಳಿ

ಪೆನ್ನು, ಕಾಗದ ಸಾಕು. ಪಿಕಪ್‌ನ ಒಟ್ಟು ತೂಕ ಎಷ್ಟು? ಖಾಲಿ ಗಾಡಿಯದ್ದಲ್ಲ, ಜನ, ಸಾಮಾನು ಎಲ್ಲ ಸೇರಿ ತಯಾರಕರು ಒಪ್ಪಿರುವ ಗರಿಷ್ಠ ತೂಕ. ಟ್ರೇಲರ್‌ನದ್ದೂ ಹಾಗೆಯೇ. ಜೊತೆಗೆ ಪಿಕಪ್ ಎಷ್ಟು ಎಳೆಯಬಹುದು, ಹಿಂಭಾಗದಲ್ಲಿ ಎಷ್ಟು ಭಾರ ಹೊರಬಹುದು ಅನ್ನುವುದನ್ನು ಕೈಪಿಡಿಯಿಂದ ತೆಗೆದುಕೊಳ್ಳಿ. ಹಿಚ್ ಎಷ್ಟೇ ಗಟ್ಟಿ ಮಾಡಿದರೂ ಪಿಕಪ್‌ನ ಮಿತಿ ಹೆಚ್ಚುವುದಿಲ್ಲ. ಪಿಕಪ್, ಹಿಚ್, ಹಿಚ್ ಮೇಲಿನ ಉಕ್ಕಿನ ಗುಂಡು (ಬಾಲ್), ಅದರ ಮೇಲೆ ಟೋಪಿಯಂತೆ ಕೂರುವ ಟ್ರೇಲರ್‌ನ ಕಪ್ಲರ್, ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಿಯ ಮಿತಿ.

ಈಗ ಎಳೆತದ ಲೆಕ್ಕ. ವಿಶ್ವಸಂಸ್ಥೆಯ ವಾಹನ ನಿಯಮ 55ರಲ್ಲಿ ಇದಕ್ಕೆ ‘ಡಿ ಮೌಲ್ಯ’ ಎಂಬ ಸರಳ ಸೂತ್ರವಿದೆ. ಎರಡೂ ತೂಕಗಳನ್ನು ಟನ್‌ನಲ್ಲಿ ಗುಣಿಸಿ. ಬಂದಿದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ. ಅದನ್ನು 9.81ರಿಂದ ಗುಣಿಸಿ. ಪಿಕಪ್ 3 ಟನ್, ಟ್ರೇಲರ್ 2.5 ಟನ್ ಎಂದಿಟ್ಟುಕೊಳ್ಳಿ. 7.5 ಭಾಗಿಸು 5.5, ಗುಣಿಸು 9.81. ಸುಮಾರು 13.4 ಕಿಲೋನ್ಯೂಟನ್ ಬರುತ್ತದೆ. ಇದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ.

ಟ್ರೇಲರ್ ಒಂದರ ತೂಕ ಸಾಲದೇ, ಪಿಕಪ್‌ನದ್ದು ಯಾಕೆ ಬೇಕು ಅನ್ನಬಹುದು. ಬ್ರೇಕ್ ಹಾಕಿದಾಗ, ಗುಂಡಿ ದಾಟುವಾಗ ಎರಡೂ ಗಾಡಿಗಳು ಒಂದನ್ನೊಂದು ಜಗ್ಗುತ್ತವೆ, ತಳ್ಳುತ್ತವೆ. ಎಳೆಯುವ ಗಾಡಿ ಹಗುರವಿದ್ದರೆ ಅದೂ ಜೊತೆಗೇ ಜಗ್ಗಿಹೋಗುತ್ತದೆ, ನಡುವಿನ ಬಲ ಕಡಿಮೆಯಾಗುತ್ತದೆ. ಅದು ಭಾರವಿದ್ದರೆ ಅಲುಗದೆ ನಿಲ್ಲುತ್ತದೆ, ಪೂರ್ತಿ ಏಟು ಹಿಚ್‌ಗೇ ಬೀಳುತ್ತದೆ.

ಮೂಕಿ ಭಾರ

ಗಾಡಿಯ ಮೂಕಿ ಗೊತ್ತಲ್ವಾ? ಟ್ರೇಲರ್‌ನ ಮುಂದಿನ ಕೋಲೂ ಅದೇ. ಅದು ಬಾಲ್ ಮೇಲೆ ಕೆಳಮುಖವಾಗಿ ಹಾಕುವ ತೂಕವೇ ಮೂಕಿ ಭಾರ. ಎಳೆತದ ಲೆಕ್ಕ ಮಾಡಿ ಇದನ್ನು ಮರೆಯುವವರೇ ಜಾಸ್ತಿ.

ಅಮೆರಿಕದ ರೂಢಿಯಲ್ಲಿ ಇದು ಟ್ರೇಲರ್ ತೂಕದ ಶೇ 10ರಿಂದ 15. ಯುರೋಪಿನ ಗಾಡಿಗಳಲ್ಲಿ ಇನ್ನೂ ಕಡಿಮೆ ಇಟ್ಟಿರುತ್ತಾರೆ. ತೀರಾ ಕಡಿಮೆಯಾದರೆ ಟ್ರೇಲರ್‌ನ ಹಿಂಭಾಗ ಎಡಕ್ಕೂ ಬಲಕ್ಕೂ ಬೀಸಲು ಶುರುಮಾಡುತ್ತದೆ. ವೇಗ ಹೆಚ್ಚಿದಂತೆ ಬೀಸುವುದೂ ಹೆಚ್ಚುತ್ತದೆ, ಪಿಕಪ್‌ನ ಹಿಂದಿನ ಚಕ್ರಗಳನ್ನೂ ಅಡ್ಡಕ್ಕೆ ಎಳೆಯುತ್ತದೆ. ಹಾಗಂತ ಭಾರವೆಲ್ಲ ಮುಂದಕ್ಕೆ ಸರಿಸಿದರೂ ತೊಂದರೆಯೇ. ಬಾಲ್ ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅಲ್ಲಿ ಒತ್ತಿದರೆ ಪಿಕಪ್‌ನ ಮೂತಿ ಮೇಲೇಳುತ್ತದೆ.

ಎಷ್ಟು ಏಳುತ್ತದೆ? ನಮ್ಮ 2.5 ಟನ್ ಟ್ರೇಲರ್‌ಗೆ ಶೇ 10 ಎಂದರೆ 250 ಕೆ.ಜಿ. ಬಾಲ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಿದೆ, ಎರಡು ಆಕ್ಸಲ್‌ಗಳ ನಡುವೆ 3.2 ಮೀಟರ್ ಇದೆ ಎನ್ನಿ. ಮುಂದಿನ ಚಕ್ರಗಳಿಂದ ಸುಮಾರು 94 ಕೆ.ಜಿ. ಎದ್ದುಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ 250 ಅಲ್ಲ, 344 ಕೆ.ಜಿ. ಬೀಳುತ್ತದೆ. ಸ್ಟೇರಿಂಗ್ ತಿರುಗಿಸುವ ಚಕ್ರಗಳು ಹಗುರವಾಗುವುದು ಯಾರಿಗೂ ಬೇಡ. ಅದಕ್ಕೇ ಬಾಲನ್ನು ಸಾಧ್ಯವಾದಷ್ಟು ಪಿಕಪ್‌ಗೆ ಹತ್ತಿರ ತನ್ನಿ. ಭಾರಿ ಟ್ರೇಲರ್‌ಗಳಿಗೆ ಸ್ಪ್ರಿಂಗ್ ಬಾರ್‌ಗಳಿರುವ ಹಿಚ್ ಸಿಗುತ್ತದೆ. ಅದು ಭಾರದ ಒಂದು ಪಾಲನ್ನು ಮತ್ತೆ ಮುಂದಿನ ಆಕ್ಸಲ್‌ಗೆ ದಾಟಿಸುತ್ತದೆ.

ಇನ್ನೂ ಭಾರಿ ಕೆಲಸಕ್ಕೆ ಗೂಸ್‌ನೆಕ್ ಅಥವಾ ಫಿಫ್ತ್ ವೀಲ್ ಎಂಬ ಬಗೆಯ ಹಿಚ್ ಬೇಕು. ಇವು ಪಿಕಪ್‌ನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ನೇರಕ್ಕೆ ಅಥವಾ ಕೊಂಚ ಮುಂದಕ್ಕೆ ಕೂರುತ್ತವೆ. ಅಲ್ಲಿ ಒತ್ತಿದರೆ ಮೂತಿ ಏಳುವ ಮಾತೇ ಇಲ್ಲ. ಹಾಗಾಗಿ ಮೂಕಿ ಭಾರ ಶೇ 15ರಿಂದ 25ರವರೆಗೂ ನಡೆಯುತ್ತದೆ.

ಅಳೆಯಲು ಮನೆಯ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆ ಮೇಲೆ, ಇನ್ನೊಂದನ್ನು ಯಂತ್ರದ ಮೇಲೆ ಸಮಮಟ್ಟಕ್ಕೆ ಇಡಿ. ಹಲಗೆಯ ತೂಕವನ್ನು ಕಳೆಯಲು ಯಂತ್ರವನ್ನು ಸೊನ್ನೆಗೆ ತನ್ನಿ. ಮೂಕಿಯನ್ನು ಇಟ್ಟಿಗೆಯಿಂದ ಹಲಗೆಯ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. 83 ತೋರಿಸಿದರೆ ಸುಮಾರು 250 ಕೆ.ಜಿ.

ಹಾರೆಯ ಲೆಕ್ಕ

ಹಾರೆ ಹಾಕಿ ಕಲ್ಲು ಎಬ್ಬಿಸಿದವರಿಗೆ ಹಿಚ್‌ನ ಒಳಗುಟ್ಟು ಆಗಲೇ ಗೊತ್ತಿರುತ್ತದೆ. ಹಿಚ್ ಎಂದರೆ ಚಾಸಿಗೆ ಸಿಕ್ಕಿಸಿದ ಹಾರೆ. ಬಾಲ್ ಮೇಲೆ 250 ಕೆ.ಜಿ. ಇದೆ. ಹಿಚ್‌ನ ಹಿಂದಿನ ಬೋಲ್ಟಿನಿಂದ ಬಾಲ್‌ಗೆ 45 ಸೆಂ.ಮೀ. ದೂರ. ಹಿಂದಿನ ಮತ್ತು ಮುಂದಿನ ಬೋಲ್ಟುಗಳ ನಡುವೆ ಬರೀ 15 ಸೆಂ.ಮೀ. ಆಗ ಮುಂದಿನ ಬೋಲ್ಟುಗಳಿಗೆ ಬೀಳುವುದು 750 ಕೆ.ಜಿ., ಹಿಂದಿನವುಗಳಿಗೆ 1000 ಕೆ.ಜಿ.! ಬೋಲ್ಟುಗಳ ನಡುವಿನ ಅಂತರವನ್ನು 30 ಸೆಂ.ಮೀ. ಮಾಡಿ ನೋಡಿ. ಮುಂದೆ 375, ಹಿಂದೆ 625ಕ್ಕೆ ಇಳಿಯುತ್ತದೆ. ಪ್ಲೇಟಿನ ಉದ್ದ 15 ಸೆಂ.ಮೀ. ಹೆಚ್ಚಾಯಿತು, ಅಷ್ಟೆ.

ಇದು ನಿಂತ ಗಾಡಿಯ ಲೆಕ್ಕ. ಗುಂಡಿಗೆ ಬಿದ್ದಾಗ ಎರಡು ಪಟ್ಟೂ ಆಗಬಹುದು. ಪ್ಲೇಟಿನ ದಪ್ಪ ಹೆಚ್ಚಿಸುವ ಮೊದಲು ಉದ್ದ ಹೆಚ್ಚಿಸಿ ಎಂದು ನಾನು ಹೇಳುವುದು ಇದಕ್ಕೇ. ಬಾಲನ್ನು ಇನ್ನೂ ಹಿಂದಕ್ಕೆ ಚಾಚುವ ಎಕ್ಸ್‌ಟೆನ್ಶನ್ ಹಾಕಿದರೆ ಹಿಚ್‌ನ ಸಾಮರ್ಥ್ಯ ಕುಗ್ಗುವುದೂ ಇದೇ ಕಾರಣಕ್ಕೆ.

ಚಾಸಿಗೆ ಕೂರಿಸುವುದು

ಬಂಪರ್ ನೆಚ್ಚಬೇಡಿ. ಭಾರ ಹೋಗಬೇಕಾದ್ದು ಚಾಸಿಯ ಎರಡು ಉದ್ದದ ತೊಲೆಗಳಿಗೆ. ತಯಾರಕರೇ ಬಿಟ್ಟ ತೂತುಗಳಿದ್ದರೆ ಮೊದಲು ಅವನ್ನೇ ಬಳಸಿ. ಹೊಸ ತೂತು ಬೇಕೇಬೇಕೆಂದರೆ, ತಯಾರಕರು ಒಪ್ಪುವ ಕಡೆ, ತೊಲೆಯ ನಿಂತ ಗೋಡೆಯ ನಡುಭಾಗದಲ್ಲಿ ಹಾಕಿ. ಮೇಲಿನ, ಕೆಳಗಿನ ಪಟ್ಟಿಗಳನ್ನು ಮುಟ್ಟಲೇಬೇಡಿ. ತೊಲೆ ಬಾಗುವಾಗ ಹೆಚ್ಚು ಒತ್ತಡ ಹೊರುವುದು ಅವೇ. ಚಾಸಿಗೆ ವೆಲ್ಡಿಂಗ್ ಕೂಡ ಬೇಡ.

ತೊಲೆ ಪೆಟ್ಟಿಗೆ ಆಕಾರದ್ದಾದರೆ ಒಳಗೆ ಟೊಳ್ಳು. ಬೋಲ್ಟು ಬಿಗಿದರೆ ಗೋಡೆಗಳು ಒಳಕ್ಕೆ ಬಾಗುತ್ತವೆ. ಬಿಗಿಯಾಯಿತು ಅನ್ನಿಸುತ್ತದೆ, ಬಿಗಿ ಇರುವುದಿಲ್ಲ. ಗೋಡೆಯಿಂದ ಗೋಡೆಗೆ ಒತ್ತು ಕೊಡುವ ಕೊಳವೆಯೊಂದನ್ನು ಒಳಗಿಟ್ಟು ಅದರೊಳಗೆ ಬೋಲ್ಟು ದಾಟಿಸಿ.

ಬೋಲ್ಟಿನ ಕೆಲಸವನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು. ಅದು ಗೂಟದ ಹಾಗೆ ಅಡ್ಡ ನಿಂತು ಭಾರ ಹೊರಬಾರದು. ಎರಡು ಪ್ಲೇಟುಗಳನ್ನು ಜಾರದಂತೆ ಒತ್ತಿಹಿಡಿಯಬೇಕು. 10.9 ಎಂಬ ಹೆಚ್ಚು ಬಲದ ದರ್ಜೆಯ, 12 ಮಿ.ಮೀ. ದಪ್ಪದ (ಎಂ12) ಬೋಲ್ಟನ್ನು ಸರಿಯಾಗಿ ಬಿಗಿದರೆ ಒಂದೊಂದೂ ಸುಮಾರು 5 ಟನ್ ಬಲದಿಂದ ಒತ್ತುತ್ತದೆ. ಆಗ ಕುಲುಕಾಟ ಬೋಲ್ಟಿಗೆ ಹೆಚ್ಚು ತಾಗುವುದೇ ಇಲ್ಲ, ಪ್ಲೇಟುಗಳ ನಡುವಿನ ಘರ್ಷಣೆಯೇ ತಡೆಯುತ್ತದೆ. ಕೈಯಂದಾಜಿಗೆ ಬಿಗಿಯದೆ ಟಾರ್ಕ್ ರೆಂಚ್ ಬಳಸಿ. ಪ್ಲೇಟುಗಳು ಕೂಡುವ ಜಾಗದಲ್ಲಿ ದಪ್ಪ ಬಣ್ಣ ಇರಕೂಡದು. ಬಣ್ಣ ದಿನ ಕಳೆದಂತೆ ಹಿಸುಕಿ ತೆಳುವಾಗುತ್ತದೆ, ಬೋಲ್ಟಿನ ಬಿಗಿ ಅಷ್ಟಕ್ಕೇ ಇಳಿಯುತ್ತದೆ.

ಸ್ಟೆಪ್ನಿ ಇಳಿಸಲು ಜಾಗ ಇದೆಯೇ, ಸೈಲೆನ್ಸರ್ ತಾಗುತ್ತದೆಯೇ, ಹಿಂಬಾಗಿಲು ತೆರೆದರೆ ಮೂಕಿಯ ಜಾಕ್‌ಗೆ ಬಡಿಯುತ್ತದೆಯೇ ಎಂದು ರಟ್ಟಿನ ಮಾದರಿ ಮಾಡಿ ಮೊದಲೇ ನೋಡಿಕೊಳ್ಳಿ.

ವೆಲ್ಡಿಂಗ್

ಇಲ್ಲೊಂದು ತಪ್ಪು ನಂಬಿಕೆ ಬಲವಾಗಿದೆ. ದುಬಾರಿ, ಹೆಚ್ಚು ಬಲದ ಉಕ್ಕು ಹಾಕಿದರೆ ಬಿರುಕು ಬಿಡುವುದಿಲ್ಲ ಅಂತ. ಒಂದೇ ಏಟಿನ ಭಾರಕ್ಕೆ ಅದು ನಿಜ. ಕುಲುಕಾಟಕ್ಕೆ ನಿಜವಲ್ಲ. ವೆಲ್ಡಿಂಗ್ ಆದಮೇಲೆ ಅದರ ಅಂಚಿನಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಕಚ್ಚುಗಳು ಉಳಿಯುತ್ತವೆ. ಬಿರುಕು ಅಲ್ಲಿಂದಲೇ ಹೊರಡುತ್ತದೆ. ಉಕ್ಕು ಯಾವುದೇ ಇರಲಿ, ವೆಲ್ಡ್ ಆದ ಜಾಗದ ಆಯಸ್ಸು ಹೆಚ್ಚುಕಡಿಮೆ ಒಂದೇ. ಅದಕ್ಕೆ ಸಾಮಾನ್ಯ ಉಕ್ಕನ್ನೇ ತೆಗೆದುಕೊಂಡು ಆಕಾರದ ಮೇಲೆ ತಲೆ ಖರ್ಚು ಮಾಡಿ.

ಆಕಾರ ಎಂದರೆ ಏನು? ಒತ್ತಡ ಜಾಸ್ತಿ ಇರುವ ಜಾಗದಿಂದ ವೆಲ್ಡನ್ನು ದೂರ ಇಡುವುದು. ವೆಲ್ಡ್ ಥಟ್ಟನೆ ನಿಲ್ಲದೆ ಮೂಲೆ ಸುತ್ತಿಕೊಂಡು ಮುಗಿಯುವಂತೆ ಮಾಡುವುದು. ಮೂಲೆಗೆ ಕೊಡುವ ತ್ರಿಕೋನದ ಒತ್ತುಪ್ಲೇಟು ಕತ್ತರಿಸಿದಂತೆ ನಿಲ್ಲದೆ ಇಳಿಜಾರಾಗಿ ಸಣ್ಣಗಾಗುತ್ತಾ ಹೋಗಬೇಕು. ನನ್ನ ಮೇಜಿನ ಮೇಲಿನ ಪ್ಲೇಟಿನಲ್ಲಿ ಒತ್ತುಪ್ಲೇಟು ಚೌಕವಾಗಿ, ಥಟ್ಟನೆ ನಿಂತಿತ್ತು. ಬಿರುಕು ಆ ತುದಿಯಿಂದಲೇ ಹೊರಟಿದೆ.

ಕೊಳವೆಗಳ ತಳದಲ್ಲಿ ನೀರು ಹೋಗಲು ತೂತು ಬಿಡಿ. ಒಳಗೆ ನಿಂತ ನೀರು ಹೊರಗಿನ ಬಣ್ಣವನ್ನು ಕೇಳುವುದಿಲ್ಲ.

ಬಾಲ್, ಸರಪಳಿ

ಬಾಲ್ ಕೂರುವ ತೋಳಿಗೆ ಬಾಲ್ ಮೌಂಟ್ ಅನ್ನುತ್ತಾರೆ. ಅದನ್ನು ಸಿಕ್ಕಿಸುವ ಚೌಕ ಕೊಳವೆ ಒಂದೂಕಾಲು, ಎರಡು, ಎರಡೂವರೆ ಮತ್ತು ಮೂರು ಇಂಚಿನ ಅಳತೆಗಳಲ್ಲಿ ಬರುತ್ತದೆ. ಅಮೆರಿಕದ ಎಸ್‌ಎಇ ಜೆ684 ಮಾನದಂಡದಲ್ಲಿ ಮೂರನೇ ವರ್ಗ 2,268 ಕೆ.ಜಿ.ಗೆ ಮುಗಿಯುತ್ತದೆ. ನಮ್ಮ 2.5 ಟನ್ ಅದನ್ನು ದಾಟಿದೆ, ಹಾಗಾಗಿ 4,536 ಕೆ.ಜಿ.ವರೆಗಿನ ನಾಲ್ಕನೇ ವರ್ಗವೇ ಬೇಕು. ಚೌಕ ಕೊಳವೆಯೊಳಗೆ ಮೌಂಟ್ ಸಡಿಲವಿದ್ದರೆ ಪ್ರತಿ ಗುಂಡಿಗೂ ಸುತ್ತಿಗೆ ಏಟು ಬಿದ್ದಂತೆ. ಬಿಗಿಹಿಡಿಯುವ ಕ್ಲಾಂಪ್ ಹಾಕಿ.

ಬಾಲ್ ಅಳತೆಯಲ್ಲಿ ತುಂಬ ಹುಷಾರು. ಅಂತರರಾಷ್ಟ್ರೀಯ ಮಾನದಂಡದ (ಐಎಸ್‌ಒ) ಬಾಲ್ 50 ಮಿ.ಮೀ., ಅಮೆರಿಕದ 2 ಇಂಚಿನದು 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 2 ಇಂಚಿನ ಕಪ್ಲರನ್ನು 50 ಮಿ.ಮೀ. ಬಾಲ್ ಮೇಲೆ ಕೂರಿಸಿದರೆ ಸಡಿಲ. ತಿರುಗಾಮುರುಗಾ ಮಾಡಿದರೆ ಅದು ಪೂರ್ತಿ ಕೂರುವುದೇ ಇಲ್ಲ. 50 ಮಿ.ಮೀ. ಬಾಲ್ ಸವೆದು 49ಕ್ಕೆ ಇಳಿದರೆ ಬದಲಿಸಬೇಕು.

ಸರಪಳಿ ಎರಡಿರಲಿ. ಒಂದೊಂದೂ ಇಡೀ ಟ್ರೇಲರ್‌ನ ತೂಕ ತಡೆಯುವಂಥದ್ದಾಗಿರಲಿ. ಕಳಚಬಹುದಾದ ಬಾಲ್ ಮೌಂಟ್‌ಗಲ್ಲ, ಹಿಚ್‌ನ ಮೈಗೇ ಸಿಕ್ಕಿಸುವಂತೆ ಕಿವಿಗಳನ್ನು ಇಡಿ. ಮೂಕಿಯ ಕೆಳಗೆ ಅಡ್ಡಹಾಯಿಸಿ ಕಟ್ಟಿದರೆ ಕಪ್ಲರ್ ಕಳಚಿದಾಗ ಮೂಕಿ ನೆಲಕ್ಕೆ ಬೀಳದೆ ಸರಪಳಿಯ ಜೋಲಿಯಲ್ಲಿ ನಿಲ್ಲುತ್ತದೆ. ಟ್ರೇಲರ್ ಕಳಚಿಹೋದರೆ ಅದಕ್ಕೆ ತಾನೇ ಬ್ರೇಕ್ ಹಾಕುವ ತುರ್ತು ಕೇಬಲ್‌ಗೆ ಬೇರೆಯದೇ ಕಿವಿ ಬೇಕು.

ಪರೀಕ್ಷೆ

ನಿಯಮ 55ರ ಪ್ರಕಾರ ಬಾಲ್ ಹಿಚ್ಚನ್ನು ಯಂತ್ರಕ್ಕೆ ಕಟ್ಟಿ ಡಿ ಮೌಲ್ಯದ 0.6 ಪಟ್ಟು ಬಲದಿಂದ ಹಿಂದಕ್ಕೂ ಮುಂದಕ್ಕೂ 20 ಲಕ್ಷ ಸಲ ಜಗ್ಗುತ್ತಾರೆ. ನಮ್ಮ ಹಿಚ್‌ಗೆ ಅದು ಸುಮಾರು 8 ಕಿಲೋನ್ಯೂಟನ್. ಸೆಕೆಂಡಿಗೆ 10 ಸಲ ಎಂದರೂ 55 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಆಮೇಲೆ ಬಣ್ಣದ ದ್ರವ ಸವರಿ ಬಿರುಕು ಹುಡುಕುತ್ತಾರೆ. ನಿಮ್ಮ ವಿನ್ಯಾಸ ಇಂಥ ಪರೀಕ್ಷೆ ದಾಟುವವರೆಗೆ ಅದನ್ನು ರಸ್ತೆಗೆ ಇಳಿಸಬೇಡಿ. ಇದರಲ್ಲಿ ರಿಯಾಯಿತಿ ಬೇಡ, ಹಿಂದೆ ಬರುವ ಗಾಡಿಯಲ್ಲೂ ಜನ ಇರುತ್ತಾರೆ.

ಪರೀಕ್ಷೆ ದಾಟಿದ ಹಿಚ್ಚನ್ನೂ ನೋಡಿಕೊಳ್ಳುತ್ತಿರಬೇಕು. ಮೊದಲ ಪ್ರಯಾಣದ ನಂತರ ಎಲ್ಲ ಬೋಲ್ಟುಗಳಿಗೂ ಮತ್ತೆ ಟಾರ್ಕ್ ರೆಂಚ್ ಹಾಕಿ. ಟ್ರೇಲರ್ ಕಟ್ಟಿದಾಗಲೆಲ್ಲ ಕಪ್ಲರ್ ಲಾಕ್ ಮಾಡಿ ಮೂಕಿಯನ್ನು ಅದರ ಜಾಕ್‌ನಿಂದ ಎತ್ತಿ ನೋಡಿ. ಜೊತೆಗೆ ಪಿಕಪ್‌ನ ಹಿಂಭಾಗವೂ ಏಳಬೇಕು. ಆಗಾಗ ಕೆಳಗೆ ಮಲಗಿ, ಪ್ಲೇಟು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ವೆಲ್ಡ್ ಅಂಚುಗಳನ್ನು ನೋಡಿ. ಬಣ್ಣದ ಮೇಲೆ ಕೂದಲೆಳೆಯಂಥ ಕಂದು ಗೆರೆ ಕಂಡರೆ ಅದು ಒಳಗಿನ ಬಿರುಕಿನಿಂದ ಹೊರಬಂದ ತುಕ್ಕು ಇರಬಹುದು. ಮೇಲೆ ಇನ್ನೊಂದು ಸಾಲು ವೆಲ್ಡಿಂಗ್ ಎಳೆದು ಮುಚ್ಚಬೇಡಿ. ಪ್ಲೇಟು ಬದಲಿಸುವವರೆಗೆ ಟ್ರೇಲರ್ ಮನೆಯಲ್ಲೇ ಇರಲಿ.